ಸರ್‌ಕ್ಲಿಪ್ಪೋ, ಸ್ನ್ಯಾಪ್ ರಿಂಗೋ? ಒಂದು ಸಾಮಾನಿಗೆ ಒಂದೇ ಹೆಸರಿರಲಿ

ಪ್ಲಿಮತ್, ಕ್ಯಾಂಟನ್, ಲಿವೋನಿಯಾ, ನೋವೈ ಸುತ್ತಮುತ್ತ ಕಾರಿನ ಬಿಡಿಭಾಗ ಮಾಡುವ ಕಂಪನಿಗಳಲ್ಲಿ ನಮ್ಮವರು ಬೇಕಾದಷ್ಟು ಜನ ಇದ್ದೇವೆ. ಕೆಲವರು ಪರ್ಚೇಸ್, ಕೆಲವರು ಸ್ಟೋರ್ಸ್, ನಮ್ಮಂಥವರು ಲೆಕ್ಕಪತ್ರ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಕೆಲಸ ಕಲಿತು ಬಂದವರಿಗೆ ಇಲ್ಲಿ ಮೊದಲು ತೊಡಕು ಕೊಡುವುದು ಸಾಮಾನಿನ ಹೆಸರು.

ಅಲ್ಲಿ ಸರ್‌ಕ್ಲಿಪ್ ಅಂದದ್ದು ಇಲ್ಲಿ ಸ್ನ್ಯಾಪ್ ರಿಂಗ್, ಇಲ್ಲವೇ ರಿಟೇನಿಂಗ್ ರಿಂಗ್. ಗ್ರಬ್ ಸ್ಕ್ರೂ ಹೋಗಿ ಸೆಟ್ ಸ್ಕ್ರೂ ಆಗುತ್ತೆ. ಅಲ್ಯೂಮಿನಿಯಂ ಅಲ್ಯೂಮಿನಮ್ ಆಗುತ್ತೆ. ನಾವು ಮೈಲ್ಡ್ ಸ್ಟೀಲಿಗೆ ಎಂ.ಎಸ್. ಅಂತ ಬರೆದರೆ ಇಲ್ಲಿಯವರು ಮೆಷಿನ್ ಸ್ಕ್ರೂ ಅಂತ ಓದಿಕೊಂಡಾರು. ಬಾಯಿಮಾತಿನಲ್ಲಾದರೆ ನಕ್ಕು ಬಿಡಬಹುದು. ಸಾಫ್ಟ್‌ವೇರಿಗೆ ಹೋದರೆ ದುಡ್ಡಿನ ಲೆಕ್ಕ.

ಸ್ಟೋರ್ಸಿನಲ್ಲಿ 4,000 ಸರ್‌ಕ್ಲಿಪ್ ಇದೆ ಅಂತಿಟ್ಟುಕೊಳ್ಳಿ. ಒಬ್ಬರು ‘ರಿಟೇನಿಂಗ್ ರಿಂಗ್’ ಅಂತ ಹುಡುಕುತ್ತಾರೆ, ಸಿಗೋದಿಲ್ಲ. ಹೊಸ ಐಟಂ ನಂಬರ್ ತೆರೆಯುತ್ತಾರೆ. ಅದರಲ್ಲಿ ದಾಸ್ತಾನು ಸೊನ್ನೆ. ಯಾವ ಸಾಮಾನು ಎಷ್ಟು ಬೇಕು ಅಂತ ಲೆಕ್ಕ ಹಾಕುವ ಎಂ.ಆರ್.ಪಿ. (ನಮ್ಮೂರ ಪೊಟ್ಟಣದ ಮೇಲಿನ ಬೆಲೆ ಅಲ್ಲ!) ಇನ್ನಷ್ಟು ಕೊಳ್ಳಿ ಅನ್ನುತ್ತದೆ. ಹಳೆಯ 4,000 ರ‍್ಯಾಕಿನಲ್ಲೇ ಕೂರುತ್ತದೆ. ವರ್ಷಗಟ್ಟಲೆ ಅಲುಗಾಡದ ಸರಕಿನ ಬೆಲೆಯನ್ನು ಪುಸ್ತಕದಲ್ಲಿ ಇಳಿಸಬೇಕಾಗುತ್ತದೆ, ಅದು ಲಾಭಕ್ಕೇ ಕತ್ತರಿ. ಆಗ ಎಲ್ಲರೂ ಹುಡುಕುವುದು ಐಟಂ ತೆರೆದವರ ಯೂಸರ್ ಐಡಿ. ವೀಸಾ ಈ ಕೆಲಸದ ಮೇಲೇ ನಿಂತಿರುವವರಿಗೆ ಇದು ಸಣ್ಣ ಮಾತಲ್ಲ.

ನಾವು ಪಾಲಿಸುವ ಕ್ರಮ ಸುಲಭದ್ದು. ಮೊದಲು ವಸ್ತುವಿನ ಹೆಸರು, ಆಮೇಲೆ ಬಗೆ, ಅಳತೆ, ಲೋಹ, ಲೇಪನ: ‘ಬೋಲ್ಟ್, ಹೆಕ್ಸ್, ಎಂ8×1.25×30, ಸ್ಟೀಲ್, ಜಿಂಕ್’. ಆಗ ಪಟ್ಟಿಯಲ್ಲಿ ಬೋಲ್ಟುಗಳೆಲ್ಲ ಒಂದೇ ಕಡೆ ಸಾಲಾಗಿ ನಿಲ್ಲುತ್ತವೆ, ಒಂದೇ ಸಾಮಾನು ಎರಡು ಸಲ ಬಂದಿದ್ದರೆ ಕಣ್ಣಿಗೆ ಬೀಳುತ್ತದೆ. ಎಸ್.ಎ.ಪಿ.ಯಲ್ಲಿ ಚಿಕ್ಕ ವಿವರಣೆಗೆ ಇರುವುದು 40 ಅಕ್ಷರದ ಜಾಗ. ಆದ್ದರಿಂದ ಯಾವ ಪದವನ್ನು ಹೇಗೆ ಮೊಟಕು ಮಾಡಬೇಕು ಅನ್ನುವ ಪಟ್ಟಿಯೂ ಎಲ್ಲರಿಗೂ ಒಂದೇ ಇರಬೇಕು.

ಬೆಂಗಳೂರಿನಿಂದ ಮಾಲು ತರಿಸುವವರಿಗೆ ಇನ್ನೊಂದು ಮಾತು. ಕಸ್ಟಮ್ಸ್ ಕೋಡಿನಲ್ಲಿ ಮೊದಲ 6 ಅಂಕಿ ಎರಡೂ ದೇಶಕ್ಕೆ ಸಮಾನ. ಆಮೇಲೆ ಭಾರತ 8 ಅಂಕಿವರೆಗೆ, ಅಮೆರಿಕ 10 ಅಂಕಿವರೆಗೆ ಒಡೆಯುತ್ತದೆ. ಇನ್‌ವಾಯ್ಸಿನಲ್ಲಿ ಬರೀ ‘ಕ್ಲಿಪ್’ ಅಂತಿದ್ದರೆ ಯಾವ ಕೋಡ್ ಅಂತ ಹೇಳುವವರು ಯಾರು?

ಇನ್ನು ತಿದ್ದುವ ವಿಷಯ. ಐಟಂ ಮಾಸ್ಟರಿನಲ್ಲಿ ಬದಲಾಯಿಸಿದರೆ ಎಲ್ಲ ಕಡೆ ತಾನೇ ಬದಲಾಗುತ್ತೆ ಅಂತ ನಂಬಿ ಕೂರಬೇಡಿ. ಎಷ್ಟೋ ಸಾಫ್ಟ್‌ವೇರುಗಳಲ್ಲಿ ಪರ್ಚೇಸ್ ಆರ್ಡರ್ ಮಾಡಿದ ದಿನವೇ ವಿವರಣೆಯ ನಕಲು ಅದರೊಳಗೆ ಸೇರಿಕೊಂಡಿರುತ್ತದೆ. ಮಾಲು ಬರಬೇಕಾದ ಆರ್ಡರುಗಳು, ಸಪ್ಲೈಯರ್ ಪಟ್ಟಿ, ಡಬ್ಬಿಯ ಲೇಬಲ್ ಇವನ್ನೂ ನೋಡಿ. ಮುಗಿದ ಬಿಲ್ಲುಗಳನ್ನು ಮುಟ್ಟಬೇಡಿ, ಅವು ಆ ದಿನದ ದಾಖಲೆ. ಎರಡು ನಂಬರ್ ಇದ್ದರೆ ಡ್ರಾಯಿಂಗ್ ಹೋಲಿಸಿ, ಇಂಜಿನಿಯರಿಂಗಿನವರ ಒಪ್ಪಿಗೆ ಪಡೆದು, ದಾಸ್ತಾನನ್ನು ಒಂದಕ್ಕೆ ಸೇರಿಸಿ. ಇನ್ನೊಂದನ್ನು ಅಳಿಸದೆ ಬಳಕೆಯಿಂದ ನಿಲ್ಲಿಸಿ.

ಕೊನೆಯದಾಗಿ, ಹಳೆಯ ಹೆಸರನ್ನು ಬಿಸಾಡಬೇಡಿ. ಹುಡುಕುವುದಕ್ಕೆ ಬೇರೆ ಜಾಗ ಇದ್ದರೆ ಅಲ್ಲಿ ‘ಸರ್‌ಕ್ಲಿಪ್’ ಅಂತಲೂ ಹಾಕಿಡಿ. ನಾಳೆ ಪೀಣ್ಯದಿಂದ ಬರುವವರು ತಮಗೆ ಗೊತ್ತಿರುವ ಹೆಸರನ್ನೇ ಟೈಪ್ ಮಾಡುತ್ತಾರೆ, ಅವರಿಗೂ ಅದೇ ನಂಬರ್ ಸಿಗಲಿ.