ಬುರುಡೆಯ ಒಳಗೋಡೆಯಲ್ಲಿ ಹಕ್ಕಿಯ ಮೆದುಳು

ಮೆದುಳು ಪಳೆಯುಳಿಕೆಯಾಗಿ ಸಿಗುವುದು ತೀರ ಅಪರೂಪ. ಪ್ರಾಣಿ ಸತ್ತ ಕೆಲವೇ ದಿನಗಳಲ್ಲಿ ಅದು ಕೊಳೆತುಹೋಗುತ್ತದೆ. ಉಳಿದರೆ ಅದನ್ನು ಕಾಪಾಡಿದ್ದ ಎಲುಬಿನ ಗೂಡಷ್ಟೇ. ಹಕ್ಕಿಗಳ ಮಟ್ಟಿಗೆ ಅಷ್ಟು ಸಾಕು. ಅವುಗಳ ಮೆದುಳು ಬುರುಡೆಯ ಒಳಗೋಡೆಗೆ ಒತ್ತಿಕೊಂಡೇ ಬೆಳೆಯುವುದರಿಂದ ಅದರ ಉಬ್ಬುತಗ್ಗುಗಳು ಎಲುಬಿನಲ್ಲಿ ಅಚ್ಚಾಗಿ ಮೂಡಿರುತ್ತವೆ. ಮೊಸಳೆಯದು ಹಾಗಲ್ಲ. ಗಿಟುಕಾದ ಕೊಬ್ಬರಿ ಗೆರಟೆಯೊಳಗೆ ಸಡಿಲವಾಗಿರುವಂತೆ, ಬೆಳೆದ ಮೊಸಳೆಯ ಮೆದುಳಿಗೂ ಬುರುಡೆಗೂ ನಡುವೆ ಸಾಕಷ್ಟು ಎಡೆ ಇರುತ್ತದೆ.

ಎಲುಬು ಉಳಿಯಬೇಕಾದರೂ ತಕ್ಕ ನೆಲ ಬೇಕು. ನೇತ್ರಾವತಿ ದಡದ ನರಿಕೊಂಬು, ಬಂಟ್ವಾಳದ ಕಡೆ ಅಡಿಯಲ್ಲಿರುವುದು ಹಕ್ಕಿಗಳು ಹುಟ್ಟುವ ಎಷ್ಟೋ ಮೊದಲಿನ ನೈಸ್ ಶಿಲೆ. ಮೇಲಿನ ಮುರಕಲ್ಲಿನ ಮಣ್ಣು ಹುಳಿ ಗುಣದ್ದು, ಮಳೆಯೋ ಧಾರಾಳ. ಇಲ್ಲಿ ಹೂತ ಎಲುಬು ಬಹುಕಾಲ ಬಾಳದು. ಹಾಗಾಗಿ ಹಕ್ಕಿಯ ಮೆದುಳಿನ ಕಥೆ ದೂರದ ನಾಡುಗಳ ಕಲ್ಲಿನ ಪದರಗಳಿಂದ ಬರುತ್ತದೆ.

ಅದರಲ್ಲಿ ಮೊದಲ ಹೆಸರು ಆರ್ಕಿಯೋಪ್ಟೆರಿಕ್ಸ್. ಸುಮಾರು 15 ಕೋಟಿ ವರ್ಷ ಹಳೆಯ ಈ ಜೀವಿಯ ಒಂದು ಮಾದರಿ 1861ರಲ್ಲಿ ಜರ್ಮನಿಯ ಬವೇರಿಯಾದಲ್ಲಿ ಸಿಕ್ಕಿ ಲಂಡನ್ನಿನ ಮ್ಯೂಸಿಯಂ ಸೇರಿತು. ಅದರ ಬುರುಡೆಯನ್ನು ಒಡೆದು ನೋಡುವಂತಿರಲಿಲ್ಲ. ಪ್ಯಾಟ್ರಿಸಿಯೊ ಡೊಮಿಂಗೆಝ್ ಅಲೊನ್ಸೊ, ಏಂಜೆಲಾ ಮಿಲ್ನರ್ ಮತ್ತು ಸಂಗಡಿಗರು ಅದನ್ನು ಸಿ.ಟಿ. ಸ್ಕ್ಯಾನ್ ಮಾಡಿಸಿ, ಕಂಪ್ಯೂಟರಿನಲ್ಲಿ ಮೆದುಳಿನ ಆಕಾರ ಕಟ್ಟಿ, 2004ರಲ್ಲಿ ವಿವರ ಪ್ರಕಟಿಸಿದರು. ಮೆದುಳಿನ ಗಾತ್ರ ಸುಮಾರು 1.6 ಮಿಲಿಲೀಟರ್, ಅಂದರೆ ಚಮಚೆಯ ಮೂರನೇ ಒಂದು ಪಾಲು. ದೃಷ್ಟಿಗೆ ಸಂಬಂಧಿಸಿದ ಭಾಗ ಚೆನ್ನಾಗಿ ಬೆಳೆದಿತ್ತು. ದೇಹದ ಸಮತೋಲ ಕಾಯುವ ಒಳಗಿವಿಯ ನಳಿಗೆಗಳು ಈಗಿನ ಹಕ್ಕಿಗಳವನ್ನೇ ಹೋಲುತ್ತಿದ್ದವು.

ಹಾರಾಟಕ್ಕಾಗಿಯೇ ಇಂಥ ಮೆದುಳು ಬಂತು ಎನ್ನೋಣವೇ? ಅದು ಅವಸರದ ಮಾತಾದೀತು. ಏಮಿ ಬಲನಾಫ್ ತಂಡ 2013ರಲ್ಲಿ ತೋರಿಸಿದಂತೆ, ಹಕ್ಕಿಗಳ ಹತ್ತಿರದ ಸಂಬಂಧಿಗಳಾದ ಕೆಲವು ಡೈನೋಸಾರ್‌ಗಳಿಗೆ ಮೈಗಾತ್ರದ ಲೆಕ್ಕದಲ್ಲಿ ಆರ್ಕಿಯೋಪ್ಟೆರಿಕ್ಸ್‌ನಷ್ಟೇ, ಕೆಲವಕ್ಕೆ ಅದಕ್ಕಿಂತಲೂ ದೊಡ್ಡ ಮೆದುಳಿತ್ತು. ಮೆದುಳು ಹಿಗ್ಗಿದ್ದು ಮೊದಲು, ರೆಕ್ಕೆ ಬಡಿದು ಹಾರಿದ್ದು ಆಮೇಲೆ.

ಆರ್ಕಿಯೋಪ್ಟೆರಿಕ್ಸ್‌ಗೂ ಈಗಿನ ಹಕ್ಕಿಗೂ ನಡುವಿನ ದೊಡ್ಡ ಕಂದಕವನ್ನು ಒಂದಿಷ್ಟು ತುಂಬಿದ್ದು ಬ್ರೆಜಿಲ್ಲಿನ ನವಾಓರ್ನಿಸ್. ಸುಮಾರು 8 ಕೋಟಿ ವರ್ಷ ಹಿಂದಿನ, ಗೊರವಂಕದಷ್ಟು ಗಾತ್ರದ ಈ ಹಕ್ಕಿಯನ್ನು ವಿಲಿಯಂ ನವಾ 2016ರಲ್ಲಿ ಪತ್ತೆಹಚ್ಚಿದರು. ಅಧ್ಯಯನ 2024ರಲ್ಲಿ ಹೊರಬಂತು. ಚಪ್ಪಟೆಯಾಗಿ ನಜ್ಜುಗುಜ್ಜಾಗುವ ಬದಲು ಬುರುಡೆ ಮೂರೂ ಆಯಾಮಗಳಲ್ಲಿ ಉಳಿದಿತ್ತು ಎಂಬುದೇ ಇದರ ಬೆಲೆ. ಮುಮ್ಮೆದುಳು ಆರ್ಕಿಯೋಪ್ಟೆರಿಕ್ಸ್‌ನದಕ್ಕಿಂತ ದೊಡ್ಡದು. ಚಲನೆಯನ್ನು ಹದದಲ್ಲಿಡುವ ಕಿರುಮೆದುಳು ಮಾತ್ರ ಈಗಿನ ಹಕ್ಕಿಗಳಷ್ಟು ಬೆಳೆದಿರಲಿಲ್ಲ. ಒಳಗಿವಿಯ ಸಮತೋಲದ ಅಂಗವೋ ಅಸಾಧಾರಣ ದೊಡ್ಡದು. ಮೆದುಳಿನ ಭಾಗಗಳು ಒಟ್ಟಿಗೆ ಹೆಜ್ಜೆಹಾಕಿ ಬೆಳೆದವಲ್ಲ.

ಅಮೆರಿಕದ ಕಾನ್ಸಾಸ್‌ನ ಇಕ್ತಿಯೋರ್ನಿಸ್ ಹಲ್ಲುಳ್ಳ ಹಕ್ಕಿ, ಈಗಿನ ಹಕ್ಕಿಗಳಿಗೆ ನವಾಓರ್ನಿಸ್‌ಗಿಂತ ಹತ್ತಿರದ ನೆಂಟ. ಆದರೂ 2021ರ ಅಧ್ಯಯನದ ಪ್ರಕಾರ ಅದರ ಮೆದುಳಿನ ಒಟ್ಟು ಆಕಾರ ಆರ್ಕಿಯೋಪ್ಟೆರಿಕ್ಸ್ ಕಡೆಗೇ ವಾಲುತ್ತದೆ. 6.6 ಕೋಟಿ ವರ್ಷ ಹಿಂದಿನ ಮಹಾ ಅಳಿವನ್ನು ದಾಟಿಬರಲು ಈಗಿನ ಹಕ್ಕಿಗಳ ಪೂರ್ವಜರಿಗೆ ದೊಡ್ಡ ಮುಮ್ಮೆದುಳೇ ನೆರವಾಗಿರಬಹುದು ಎಂದು ಆ ಸಂಶೋಧಕರ ಊಹೆ. ಊಹೆ ಆಕರ್ಷಕ, ಆದರೆ ಬೆರಳೆಣಿಕೆಯ ಬುರುಡೆಗಳ ಮೇಲೆ ನಿಂತದ್ದು.

ಅಚ್ಚು ಹೇಳಬಲ್ಲದ್ದು ಗಾತ್ರ ಮತ್ತು ಆಕಾರವನ್ನು. ಕಾಗೆ, ಗಿಳಿಗಳ ಮೆದುಳಿನಲ್ಲಿ ನರಕೋಶಗಳು ಅಷ್ಟೇ ತೂಕದ ಸಸ್ತನಿ ಮೆದುಳಿಗಿಂತ ಬಹಳ ಒತ್ತೊತ್ತಾಗಿವೆ ಎಂಬುದು 2016ರಲ್ಲಿ ತಿಳಿದದ್ದು ಈಗ ಬದುಕಿರುವ ಹಕ್ಕಿಗಳ ಕೋಶಗಳನ್ನು ಎಣಿಸಿ. ಆ ದಟ್ಟಣೆ ಎಂದು ಶುರುವಾಯಿತು ಎಂಬುದಕ್ಕೆ ಎಲುಬಿನ ಮೇಲೆ ಗುರುತು ಬಿದ್ದಿಲ್ಲ.