ಕನ್ನಂಬಾಡಿಯಲ್ಲಿ ಇಪ್ಪತ್ತು ಕಿಲೋ

ಲ್ಯಾಬಿನಲ್ಲಿ ನೇರಳೆ ಮುಚ್ಚಳದ ಟ್ಯೂಬಿಗೆ ತುಂಬಿಕೊಳ್ಳುವ ರಕ್ತ ಸಾಮಾನ್ಯವಾಗಿ ಮೂರು ಮಿಲಿಲೀಟರ್ ದಾಟುವುದಿಲ್ಲ. ಅಷ್ಟರಲ್ಲಿ ಇರುವ ಕೆಂಪು ರಕ್ತಕಣಗಳು ಸುಮಾರು 1,500 ಕೋಟಿ. ಇಡೀ ಭೂಮಿಯ ಜನಸಂಖ್ಯೆ 800 ಕೋಟಿ ಚಿಲ್ಲರೆ. ಹತ್ತಿ ಒತ್ತಿಕೊಂಡು ಹೊರಗೆ ಬರುವಾಗ "ಎಷ್ಟೊಂದು ರಕ್ತ ತಗೊಂಡ್ರು" ಎಂದು ಗೊಣಗುವವರು ಚಿಂತಿಸಬೇಕಿಲ್ಲ. ನಮ್ಮ ಮೂಳೆಯೊಳಗಿನ ಮಜ್ಜೆ ಸೆಕೆಂಡಿಗೆ 20 ಲಕ್ಷಕ್ಕೂ ಹೆಚ್ಚು ಕೆಂಪು ಕಣಗಳನ್ನು ತಯಾರಿಸಿ ಬಿಡುತ್ತಲೇ ಇರುತ್ತದೆ. ಆ 1,500 ಕೋಟಿ ಅದಕ್ಕೆ ಎರಡು ಗಂಟೆಯ ಕೆಲಸ.

ನಮ್ಮ ಕೈಗೆ ಬರುವ ರಿಪೋರ್ಟಿನಲ್ಲಿ ಇದೆಲ್ಲ ಒಂದೇ ಸಾಲು: ಒಂದು ಮೈಕ್ರೋಲೀಟರಿಗೆ ಇಷ್ಟು. ಮೈಕ್ರೋಲೀಟರ್ ಎಂದರೆ ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮಿಲಿಮೀಟರ್ ಇರುವ ಜಾಗ. ಅಷ್ಟು ಜಾಗದಲ್ಲಿ 50 ಲಕ್ಷ ಕೆಂಪು ಕಣ, ನಾಲ್ಕರಿಂದ ಹನ್ನೊಂದು ಸಾವಿರ ಬಿಳಿ ಕಣ, ಒಂದೂವರೆಯಿಂದ ನಾಲ್ಕೂವರೆ ಲಕ್ಷ ಪ್ಲೇಟ್‌ಲೆಟ್. ಇವನ್ನು ಎಣಿಸುವುದು ಯಾರು, ಹೇಗೆ?

ಮೊದಲು ಎಣಿಸಿದವರು ಕಣ್ಣಿನಿಂದಲೇ ಎಣಿಸಿದರು. ಜರ್ಮನಿಯ ಕಾರ್ಲ್ ಫಿಯರೋರ್ಟ್ 1852ರಲ್ಲಿ ಸೂಕ್ಷ್ಮದರ್ಶಕದ ಕೆಳಗೆ ರಕ್ತಕಣಗಳನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಆಮೇಲೆ ಬಂದದ್ದು ಗೆರೆ ಕೊರೆದ ಗಾಜಿನ ಪಟ್ಟಿ. ಮೆಡಿಕಲ್ ಓದಿದ ಎಲ್ಲರೂ ಒಮ್ಮೆಯಾದರೂ ಇದರ ಮುಂದೆ ಕಣ್ಣು ಕಿರಿದು ಮಾಡಿಕೊಂಡು ಕೂತಿರುತ್ತಾರೆ. ರಕ್ತವನ್ನು 200 ಪಟ್ಟು ತೆಳುಮಾಡಿ, ಮಿಲಿಮೀಟರಿನ ಹತ್ತನೇ ಒಂದು ಭಾಗ ಆಳದ ಆ ಜಾಗಕ್ಕೆ ಹರಿಸಬೇಕು. ನಡುವಿನ ಒಂದು ಚದರ ಮಿಲಿಮೀಟರಿನಲ್ಲಿ 400 ಪುಟ್ಟ ಚೌಕಗಳಿವೆ, ಅದರಲ್ಲಿ 80ನ್ನು ಆರಿಸಿ ಎಣಿಸಬೇಕು. ಗೆರೆಯ ಮೇಲೆ ಕೂತ ಕಣಗಳದ್ದೇ ತಕರಾರು. ಅದಕ್ಕೊಂದು ನಿಯಮವಿದೆ: ಎಡ ಮತ್ತು ಮೇಲಿನ ಗೆರೆ ಮುಟ್ಟಿದವು ಲೆಕ್ಕಕ್ಕೆ ಉಂಟು, ಬಲ ಮತ್ತು ಕೆಳಗಿನ ಗೆರೆಯವು ಇಲ್ಲ. 500 ಸಿಕ್ಕರೆ 10,000ದಿಂದ ಗುಣಿಸಿ 50 ಲಕ್ಷ ಎಂದು ಬರೆಯಬೇಕು. ಎಣಿಸುವಾಗ ಒಂದು ಕಣ ಕಣ್ತಪ್ಪಿದರೆ ರಿಪೋರ್ಟಿನಲ್ಲಿ 10,000 ಮಾಯ. ಯಾವುದೂ ಕಣ್ತಪ್ಪದಿದ್ದರೂ, ಯಾವ ಚೌಕಕ್ಕೆ ಎಷ್ಟು ಕಣ ಬಂದು ಬೀಳುತ್ತದೆ ಎಂಬ ಅದೃಷ್ಟದಾಟದಲ್ಲೇ ಎರಡು ಲಕ್ಷ ಅತ್ತಿತ್ತ ಆಗುತ್ತದೆ.

ಅಮೆರಿಕದ ವ್ಯಾಲೇಸ್ ಕೌಲ್ಟರ್ ಈ ಕಾಟವನ್ನು ಒಂದು ತೂತಿನಲ್ಲಿ ಬಗೆಹರಿಸಿದರು. ಉಪ್ಪುನೀರಿನಲ್ಲಿ ತೇಲುವ ಕಣಗಳನ್ನು ಸಣ್ಣ ರಂಧ್ರದ ಮೂಲಕ ಎಳೆಯುವುದು, ಆ ರಂಧ್ರದಲ್ಲೇ ವಿದ್ಯುತ್ ಹರಿಸುವುದು. ಒಂದೊಂದು ಕಣ ದಾಟುವಾಗಲೂ ವಿದ್ಯುತ್ತಿಗೆ ಕ್ಷಣಕಾಲ ಅಡ್ಡಿಯಾಗುತ್ತದೆ, ಆ ಅಡ್ಡಿಗಳನ್ನು ಎಣಿಸಿದರೆ ಕಣಗಳನ್ನು ಎಣಿಸಿದಂತೆ. ಅಡ್ಡಿ ಎಷ್ಟು ದೊಡ್ಡದು ಎಂಬುದರಿಂದ ಕಣದ ಗಾತ್ರವೂ ಗೊತ್ತಾಗುತ್ತದೆ. ಮೊದಲ ಪ್ರಯೋಗಕ್ಕೆ ಅವರು ಸಿಗರೇಟ್ ಪ್ಯಾಕಿನ ಸೆಲೋಫೇನ್ ಹಾಳೆಗೆ ಕಾಯಿಸಿದ ಸೂಜಿಯಿಂದ ತೂತು ಮಾಡಿಕೊಂಡಿದ್ದರೆಂದು ಹೇಳುತ್ತಾರೆ. ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಇವತ್ತು ತಾಲ್ಲೂಕು ಊರಿನ ಲ್ಯಾಬಿನಲ್ಲಿ ಟಕಟಕ ಅನ್ನುವ ಪೆಟ್ಟಿಗೆ ಕೂಡ ಸೆಕೆಂಡಿಗೆ ಸಾವಿರಾರು ಕಣ ಎಣಿಸುತ್ತದೆ, ಒಂದು ನಿಮಿಷದಲ್ಲಿ ಉತ್ತರ ಕೊಡುತ್ತದೆ.

ಆದರೆ ಪೆಟ್ಟಿಗೆಗೆ ಕಾಣುವುದು ಗಾತ್ರ ಮಾತ್ರ. ಮಳೆಗಾಲ ಬಂತೆಂದರೆ ಡೆಂಗಿ ವಾರ್ಡುಗಳಲ್ಲಿ "ಇವತ್ತು ಪ್ಲೇಟ್‌ಲೆಟ್ ಎಷ್ಟು?" ಎನ್ನುವುದು ಕ್ರಿಕೆಟ್ ಸ್ಕೋರ್ ಕೇಳಿದಂತೆ ಆಗಿಬಿಡುತ್ತದೆ. ಪರಂಗಿ ಎಲೆಯ ರಸದ ಸಲಹೆಯೂ ಜತೆಗೇ ಬರುತ್ತದೆ. ಆದರೆ ಸಾವಿರ ಜನರಲ್ಲಿ ಸುಮಾರು ಒಬ್ಬರಿಗೆ ಒಂದು ವಿಚಿತ್ರವಿದೆ: ನೇರಳೆ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕಿರುವ ಇಡಿಟಿಎ ಎಂಬ ರಾಸಾಯನಿಕವೇ ಅವರ ಪ್ಲೇಟ್‌ಲೆಟ್‌ಗಳನ್ನು ಗುಂಪುಗೂಡಿಸುತ್ತದೆ. ಹತ್ತಿಪ್ಪತ್ತು ಸೇರಿದ ಗುಂಪನ್ನು ಯಂತ್ರ ಪ್ಲೇಟ್‌ಲೆಟ್ ಎಂದು ಒಪ್ಪುವುದೇ ಇಲ್ಲ. ದೇಹದಲ್ಲಿ ಎರಡು ಲಕ್ಷ ಇರುವಾತನಿಗೆ ರಿಪೋರ್ಟಿನಲ್ಲಿ 30,000 ಬರುತ್ತದೆ. 20 ಲಕ್ಷ ಜನರ ಜಿಲ್ಲೆಯೊಂದರಲ್ಲಿ ಇಂಥವರು ಎರಡು ಸಾವಿರದಷ್ಟು ಇರಬಹುದು. ಇದನ್ನು ಹಿಡಿಯುವುದು ಗಾಜಿನ ಮೇಲೆ ಬಳಿದ ಒಂದು ಹನಿ ರಕ್ತದ ಸ್ಮಿಯರ್ ಮತ್ತು ಅದನ್ನು ನೋಡುವ ಒಂದು ಜೊತೆ ಕಣ್ಣು. ಸ್ಮಿಯರಿನ ಅಂಚಿನಲ್ಲಿ ಗುಂಪು ಕಂಡರೆ "ಕ್ಲಂಪ್ ಇದೆ, ಕೌಂಟ್ ಬಿಡಬೇಡಿ, ಸಿಟ್ರೇಟ್ ಟ್ಯೂಬಲ್ಲಿ ಇನ್ನೊಂದು ಸ್ಯಾಂಪಲ್ ತರಿಸಿ" ಎನ್ನುತ್ತಾರೆ. ಫಿಯರೋರ್ಟ್ ಕಾಲದ ಕೆಲಸ ಇನ್ನೂ ನಿಂತಿಲ್ಲ.

ಎಣಿಕೆಯ ಮಾತು ಇಷ್ಟಾಯಿತು. ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ತೂಕದ ಮಾತು.

ಖಾಲಿ ಹೊಟ್ಟೆಯ ಶುಗರ್ 100 ಎಂದರೆ ಒಂದು ಲೀಟರ್ ರಕ್ತದಲ್ಲಿ ಒಂದು ಗ್ರಾಂ ಗ್ಲೂಕೋಸ್. ಮೈಯಲ್ಲಿರುವ ರಕ್ತ ಹೆಚ್ಚುಕಡಿಮೆ ಐದು ಲೀಟರ್, ಅಂದರೆ ಐದೇ ಗ್ರಾಂ. ಸಕ್ಕರೆ ಕಾಯಿಲೆ ಎಂದು ಹೇಳುವ ಗೆರೆ 126, ಅಂದರೆ ಆರು ಗ್ರಾಂ ಮತ್ತು ಸ್ವಲ್ಪ. ಜೀವನಪೂರ್ತಿ ಮಾತ್ರೆಗೂ ನಿರಾಳಕ್ಕೂ ನಡುವೆ ಇರುವುದು ಮೈಯೆಲ್ಲ ಸೇರಿ ಒಂದು ಗ್ರಾಮಿನ ಚಿಲ್ಲರೆ ವ್ಯತ್ಯಾಸ. ಆದರೂ ಲ್ಯಾಬಿನ ಲೆಕ್ಕದಲ್ಲಿ ಸಕ್ಕರೆ ಭಾರಿ ಭಾರದ ವಸ್ತು. ಹೃದಯದ ಸ್ನಾಯುವಿನಲ್ಲಿ ಟ್ರೋಪೋನಿನ್ ಎಂಬ ಪ್ರೋಟೀನ್ ಇದೆ. ಸ್ನಾಯುವಿಗೆ ಪೆಟ್ಟಾದಾಗ ಅದು ರಕ್ತಕ್ಕೆ ಸೋರುತ್ತದೆ. ಎದೆನೋವೆಂದು ಬಂದವರ ರಕ್ತದಲ್ಲಿ ಈಗ ಮೊದಲು ನೋಡುವುದೇ ಇದನ್ನು. ಹೊಸ ಪೀಳಿಗೆಯ ಟ್ರೋಪೋನಿನ್ ಟಿ ಪರೀಕ್ಷೆಯಲ್ಲಿ ಆರೋಗ್ಯವಂತರ ಮೇಲಿನ ಗೆರೆ ಲೀಟರಿಗೆ 14 ನ್ಯಾನೋಗ್ರಾಂ. ಒಂದು ಗ್ರಾಮನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ನ್ಯಾನೋಗ್ರಾಂ.

ಇದು ಹೀಗೆ ಹೇಳಿದರೆ ತಲೆಗೆ ಹತ್ತುವುದಿಲ್ಲ. ಕನ್ನಂಬಾಡಿ ಕಟ್ಟೆಗೆ ಹೋಗೋಣ. 124.8 ಅಡಿ ತುಂಬಿ ತುಳುಕುವ ಕೆಆರ್‌ಎಸ್‌ನಲ್ಲಿ ನೀರು 49.45 ಟಿಎಂಸಿ ಅಡಿ. ಲೀಟರಿನಲ್ಲಿ 1.4 ಲಕ್ಷ ಕೋಟಿ. ಆ ನೀರಿಗೆಲ್ಲ ನಮ್ಮ ರಕ್ತದ ಮಟ್ಟದ ಸಿಹಿ ಬರಬೇಕಾದರೆ 14 ಲಕ್ಷ ಟನ್ ಸಕ್ಕರೆ ಸುರಿಯಬೇಕು. ಮಂಡ್ಯದ ಆಲೆಮನೆ, ಕಾರ್ಖಾನೆ ಎಲ್ಲ ಸೇರಿ ಬೆವರು ಸುರಿಸುವಷ್ಟು. ವಿಟಮಿನ್ ಬಿ12ನ್ನು ಮಾಮೂಲಿ ಮಟ್ಟಕ್ಕೆ, ಲೀಟರಿಗೆ 300 ನ್ಯಾನೋಗ್ರಾಂಗೆ ತರಲು 420 ಕಿಲೋ, ಒಂದು ಟೆಂಪೋದಲ್ಲಿ ತಂದು ಹಾಕಬಹುದು. ಟ್ರೋಪೋನಿನ್? ಇಪ್ಪತ್ತು ಕಿಲೋ. ಸಕ್ಕರೆಯ ಅರ್ಧ ಮೂಟೆಯೂ ಅಲ್ಲ. ಅದನ್ನು ಇಡೀ ಜಲಾಶಯದಲ್ಲಿ ಕದಡಿದ ಮೇಲೆ, ಎಲ್ಲೋ ಒಂದು ಕಡೆ ಮೊಗೆದ ನೀರು ನೋಡಿ "ಇಪ್ಪತ್ತು ಕಿಲೋ ಇದೆ" ಎಂದು ಹೇಳಬೇಕು. ಹೇಳುವುದರಲ್ಲೂ ಎರಡು ಕಿಲೋಗಿಂತ ಹೆಚ್ಚು ಏರುಪೇರು ಆಗಬಾರದು, ಹತ್ತು ಪರ್ಸೆಂಟಿನೊಳಗೆ ಇರಬೇಕೆಂದು ಪರೀಕ್ಷೆಗೆ ಷರತ್ತಿದೆ. ಒಂದು ಗಂಟೆ ಬಿಟ್ಟು ಎರಡನೇ ಸ್ಯಾಂಪಲ್ ತೆಗೆದು, ಏರಿಕೆ ಐದು ನ್ಯಾನೋಗ್ರಾಂ, ಅಂದರೆ ಕಟ್ಟೆಯ ಲೆಕ್ಕದಲ್ಲಿ ಏಳು ಕಿಲೋ ಇದ್ದರೆ, ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಯ ಪ್ರಕಾರ ಹೃದಯಾಘಾತದ ಶಂಕೆ ಬಲವಾಯಿತು. ನೀರು ಶುದ್ಧವಾಗಿದ್ದರೆ ಇದು ಇಷ್ಟು ಕಷ್ಟವಲ್ಲ. ರಕ್ತದ ಪ್ಲಾಸ್ಮಾದಲ್ಲಿ ಲೀಟರಿಗೆ 70 ಗ್ರಾಂ ಬೇರೆ ಪ್ರೋಟೀನುಗಳಿವೆ, ಕಟ್ಟೆಯಲ್ಲಿ ಹತ್ತು ಕೋಟಿ ಟನ್‌ನಷ್ಟು. ಇಪ್ಪತ್ತು ಕಿಲೋವನ್ನು ಹುಡುಕಬೇಕಿರುವುದು ಅದರೊಳಗೆ.

ಈ ಸಾಮರ್ಥ್ಯದ ಮೂಲ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿದೆ. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕಸಬರಿಕೆ, ಬಕೆಟ್ ಇಡುತ್ತಿದ್ದ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಂಡಿದ್ದವರು ಭೌತವಿಜ್ಞಾನಿ ರೋಸಲಿನ್ ಯಾಲೋ. ಜೊತೆಗಾರ ಡಾ. ಸೊಲೊಮನ್ ಬರ್ಸನ್. ಇನ್ಸುಲಿನ್ ಚುಚ್ಚಿಸಿಕೊಳ್ಳುವ ರೋಗಿಗಳ ರಕ್ತದಲ್ಲಿ ಇನ್ಸುಲಿನ್‌ಗೆ ಅಂಟುವ ಪ್ರತಿಕಾಯಗಳಿವೆ ಎಂದು ಅವರಿಗೆ ಕಂಡಿತು. ಪತ್ರಿಕೆಗಳು ನಂಬಲಿಲ್ಲ, 1955ರಲ್ಲಿ ಲೇಖನ ವಾಪಸ್ ಬಂತು. ಆ ಅಂಟುವ ಗುಣವನ್ನೇ ಅವರು ತಕ್ಕಡಿಯಾಗಿ ತಿರುಗಿಸಿದರು. ವಿಕಿರಣದ ಗುರುತು ಹಾಕಿದ ಇನ್ಸುಲಿನ್ ಒಂದಿಷ್ಟು, ರೋಗಿಯ ರಕ್ತದ ಇನ್ಸುಲಿನ್ ಒಂದಿಷ್ಟು, ಎರಡೂ ಒಂದೇ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸಲಿ. ಗುರುತಿನದ್ದು ಎಷ್ಟು ಹಿಂದೆ ಸರಿಯಿತೋ ರೋಗಿಯದ್ದು ಅಷ್ಟು ಹೆಚ್ಚಿದೆ ಎಂದರ್ಥ. ಮಿಕ್ಕ ಪ್ರೋಟೀನುಗಳು ಎಷ್ಟೇ ಇರಲಿ, ಪ್ರತಿಕಾಯ ಅವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ಬರ್ಸನ್ 1972ರಲ್ಲಿ ತೀರಿಕೊಂಡರು. ಯಾಲೋಗೆ ನೊಬೆಲ್ ಬಂದದ್ದು 1977ರಲ್ಲಿ, ಆಗ ಮಾಡಿದ ಉಪನ್ಯಾಸದಲ್ಲಿ ಆ ಹಳೆಯ ತಿರಸ್ಕಾರದ ಪತ್ರವನ್ನೇ ತೋರಿಸಿದರು. ಅಷ್ಟು ಛಲ ಇರಬೇಕಾದದ್ದೇ. ಇಬ್ಬರೂ ಈ ವಿಧಾನಕ್ಕೆ ಪೇಟೆಂಟ್ ಮಾಡಿಸಲಿಲ್ಲ. ವಿಕಿರಣದ ಜಾಗಕ್ಕೆ ಈಗ ಬಹುಮಟ್ಟಿಗೆ ಬೆಳಕು ಬಂದಿದೆ. ಥೈರಾಯ್ಡ್, ಬಿ12, ಟ್ರೋಪೋನಿನ್ ಪರೀಕ್ಷೆಗಳೆಲ್ಲ ಆ ಕೋಣೆಯ ಸಂತಾನ.

ಪಿಸಿಆರ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಕೋವಿಡ್ ಎಲ್ಲರಿಗೂ ಪಾಠ ಮಾಡಿದೆ. ಅದರಲ್ಲಿ ವೈರಾಣುವಿನ ಜೀನ್ ತುಣುಕನ್ನು ಹುಡುಕುವ ಬದಲು ಬೆಳೆಸುತ್ತಾರೆ. ಪ್ರತಿ ಸುತ್ತಿಗೂ ಎರಡರಷ್ಟು, ಹೀಗೆ 35 ಸುತ್ತಿಗೆ ಒಂದಿದ್ದದ್ದು ಸುಮಾರು 3,436 ಕೋಟಿ. 2020ರ ಜನವರಿಯಲ್ಲಿ ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯಲ್ಲಷ್ಟೇ ಶುರುವಾದ ಕೋವಿಡ್ ಪರೀಕ್ಷೆ ಅದೇ ಆಗಸ್ಟಿನಲ್ಲಿ ದೇಶದಲ್ಲಿ ದಿನಕ್ಕೆ ಹತ್ತು ಲಕ್ಷ ದಾಟಿತು.

ಪರೀಕ್ಷೆಗಳು ಇಷ್ಟು ಚುರುಕಾಗಿದ್ದ ಮೇಲೆ ರಿಪೋರ್ಟಿನಲ್ಲಿ ತಪ್ಪು ಎಲ್ಲಿಂದ ಬರುತ್ತದೆ? ಇಟಲಿಯ ಪಡುವಾ ನಗರದ ಆಸ್ಪತ್ರೆಯ ಲ್ಯಾಬಿನವರು ತಮ್ಮ ತಪ್ಪುಗಳನ್ನು ತಾವೇ ಎಣಿಸಿ 1997ರಲ್ಲಿ ಪ್ರಕಟಿಸಿದರು. 40,490 ಪರೀಕ್ಷೆಗಳಲ್ಲಿ 189 ತಪ್ಪು. ಅದರಲ್ಲಿ ಯಂತ್ರದ ಹಂತದ್ದು ನೂರಕ್ಕೆ 13. ಸ್ಯಾಂಪಲ್ ಯಂತ್ರ ತಲುಪುವ ಮೊದಲೇ ಆದದ್ದು ನೂರಕ್ಕೆ 68. ಸುಮಾರು ಹತ್ತು ವರ್ಷ ಬಿಟ್ಟು ಮತ್ತೆ ಎಣಿಸಿದಾಗ 51,746 ಪರೀಕ್ಷೆಗಳಲ್ಲಿ ತಪ್ಪು 160ಕ್ಕೆ ಇಳಿದಿತ್ತು, ಆದರೆ ಮೊದಲ ಹಂತದ ಪಾಲು ಆಗಲೂ ನೂರಕ್ಕೆ 62. ತಪ್ಪು ಟ್ಯೂಬು, ತಪ್ಪು ಹೆಸರು, ಡ್ರಿಪ್ ಹಾಕಿದ ಕೈಯಿಂದಲೇ ತೆಗೆದ ರಕ್ತ.

ಪೊಟ್ಯಾಸಿಯಂ ಒಂದನ್ನೇ ನೋಡಿ. ರಕ್ತದ ದ್ರವದಲ್ಲಿ ಅದು ಲೀಟರಿಗೆ 3.5ರಿಂದ 5 ಮಿಲಿಮೋಲ್ ನಡುವೆ ಇರಬೇಕು. 6.5 ದಾಟಿದರೆ ಹೃದಯ ನಿಲ್ಲುವ ಭಯ. ಕೆಂಪು ಕಣದ ಒಳಗೆ ಮಾತ್ರ ಇದರ ಇಪ್ಪತ್ತು ಪಟ್ಟಿಗೂ ಮೀರಿ ತುಂಬಿಕೊಂಡಿರುತ್ತದೆ. ಸಿರಿಂಜಿನ ಹಿಡಿಯನ್ನು ಜೋರಾಗಿ ಎಳೆದೋ, ಟ್ಯೂಬನ್ನು ಕುಲುಕಿಯೋ ಕೆಲವು ಕಣ ಒಡೆದರೆ ಸಾಕು, ಆರೋಗ್ಯವಂತನ ಪೊಟ್ಯಾಸಿಯಂ ಅಪಾಯದ ಗೆರೆಗೆ ಹತ್ತುತ್ತದೆ. ರಕ್ತ ಸಾಲದೇ ಹೋದಾಗ ನೇರಳೆ ಟ್ಯೂಬಿನಿಂದ ಇನ್ನೊಂದಕ್ಕೆ ಬಗ್ಗಿಸುವವರೂ ಇದ್ದಾರೆ. ಟ್ಯೂಬಿನ ಇಡಿಟಿಎ ಇರುವುದೇ ಪೊಟ್ಯಾಸಿಯಂ ಉಪ್ಪಿನ ರೂಪದಲ್ಲಿ, ಮೇಲಾಗಿ ಅದು ಕ್ಯಾಲ್ಸಿಯಂ ನುಂಗುತ್ತದೆ. ಆಗ ಬದುಕಿರುವ ಮನುಷ್ಯನಲ್ಲಿ ಇರಲಾರದ ಅಂಕಿಗಳು ಬರುತ್ತವೆ, ಅನುಭವಸ್ಥ ಟೆಕ್ನಿಷಿಯನ್ ನೋಡಿದೊಡನೆ ನಗುತ್ತಾರೆ. ಶುಗರ್‌ಗೆ ಬೂದು ಮುಚ್ಚಳದ ಟ್ಯೂಬು ಬೇರೆ ಯಾಕೆಂದರೆ, ಮೈಯಿಂದ ಹೊರಬಿದ್ದ ಮೇಲೂ ರಕ್ತಕಣಗಳು ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಅದರಲ್ಲಿರುವ ಫ್ಲೋರೈಡ್ ಅದನ್ನು ತಡೆಯುತ್ತದೆ.

ಪಡುವಾದ ಪಟ್ಟಿಯಲ್ಲಿ ಉಳಿದ ಪಾಲು ರಿಪೋರ್ಟ್ ತಯಾರಾದ ಮೇಲಿನದ್ದು. ಅಲ್ಲಿ ನಮ್ಮ ಪಾಲೂ ಇದೆ. ವೈದ್ಯಕೀಯ ತೀರ್ಮಾನಗಳಲ್ಲಿ ನೂರಕ್ಕೆ 70 ಲ್ಯಾಬ್ ರಿಪೋರ್ಟನ್ನೇ ನಂಬಿವೆ ಎಂಬ ಮಾತನ್ನು ಉದ್ಘಾಟನಾ ಭಾಷಣಗಳಲ್ಲಿ ಕೇಳುತ್ತೇವೆ. ಅದರ ಮೂಲ ಹುಡುಕಿಕೊಂಡು ಹೋದವರಿಗೆ ಗಟ್ಟಿ ಅಧ್ಯಯನ ಸಿಕ್ಕಿಲ್ಲ. ನಾನಂತೂ ಅದನ್ನು ಬಳಸುವುದಿಲ್ಲ. ಬಳಸಬೇಕಾದ ಲೆಕ್ಕ ಬೇರೆ ಇದೆ. 'ನಾರ್ಮಲ್' ವ್ಯಾಪ್ತಿಯನ್ನು ಸಾಮಾನ್ಯವಾಗಿ ಗೊತ್ತುಮಾಡುವುದೇ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಒಳಗೆ ಬರುವಂತೆ. ಒಂದಕ್ಕೊಂದು ಸಂಬಂಧವಿಲ್ಲದ 20 ಪರೀಕ್ಷೆ ಮಾಡಿಸಿದರೆ, ಏನೂ ಕಾಯಿಲೆಯಿಲ್ಲದ ನೂರು ಜನರಲ್ಲಿ 64 ಮಂದಿಗೆ ಒಂದಾದರೂ ದಪ್ಪ ಅಕ್ಷರದ ಅಂಕಿ ಬರುತ್ತದೆ. ಹಬ್ಬದ ರಿಯಾಯಿತಿಯಲ್ಲಿ ಸಿಗುವ 70 ಪರೀಕ್ಷೆಯ ಪ್ಯಾಕೇಜಿನಲ್ಲಿ ಎಲ್ಲವೂ ನಾರ್ಮಲ್ ಬರುವ ಭಾಗ್ಯ ನೂರಕ್ಕೆ ಮೂವರಿಗೂ ಇಲ್ಲ. ನಿಜದಲ್ಲಿ ಹಲವು ಪರೀಕ್ಷೆಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಪರಿಸ್ಥಿತಿ ಇಷ್ಟು ಕೆಡುವುದಿಲ್ಲ. ಆದರೂ ಆ ದಪ್ಪ ಅಕ್ಷರ ನೋಡಿ ರಾತ್ರಿ ನಿದ್ದೆಗೆಡುವವರಿಗೆ ಈ ಗಣಿತ ಯಾರೂ ಹೇಳಿರುವುದಿಲ್ಲ.

ನಿದ್ದೆಗೆಡಲೇಬೇಕಾದ ಅಂಕಿಗಳೂ ಇವೆ. ಲಾಸ್ ಏಂಜಲೀಸಿನ ಜಾರ್ಜ್ ಲುಂಡ್‌ಬರ್ಗ್ 1972ರಲ್ಲಿ ಅಂಥವುಗಳ ಪಟ್ಟಿ ಮಾಡಿ, ಇವು ಬಂದರೆ ಪ್ರಿಂಟಿಗೆ ಕಾಯದೆ ಫೋನ್ ಮಾಡಿ ಎಂದು ಬರೆದರು. ಅದು ಈಗ ಜಗತ್ತಿನ ದೊಡ್ಡ ಲ್ಯಾಬುಗಳ ಕಟ್ಟಳೆ. ಪೊಟ್ಯಾಸಿಯಂ 7.2 ಬಂತೆನ್ನಿ. ಟೆಕ್ನಿಷಿಯನ್ ಮೊದಲು ಟ್ಯೂಬು ಎತ್ತಿ ಸೀರಮ್ ಕೆಂಪಾಗಿದೆಯೇ ನೋಡುತ್ತಾರೆ, ಆಮೇಲೆ ಹೆಸರು ತಾಳೆ ಹಾಕುತ್ತಾರೆ, ಇನ್ನೊಮ್ಮೆ ಓಡಿಸುತ್ತಾರೆ. ಅದೇ ಅಂಕಿ ಬಂದರೆ ವಾರ್ಡಿಗೆ ಫೋನ್. "ಬರ್ಕೊಂಡ್ರಾ ಸಿಸ್ಟರ್? ಒಂದ್ಸಲ ಓದಿ ಹೇಳಿ." ಸಿಸ್ಟರ್ ಹೆಸರು, ಐಪಿ ನಂಬರು, ಅಂಕಿ ಮೂರನ್ನೂ ಓದಿ ಹೇಳಿದ ಮೇಲಷ್ಟೇ, ಯಾರಿಗೆ ಎಷ್ಟು ಗಂಟೆಗೆ ತಿಳಿಸಿದ್ದು ಎಂದು ರಿಜಿಸ್ಟರಿನಲ್ಲಿ ಬರೆಯುವುದು.