ಮಿಕ್ಕ ಅನ್ನಕ್ಕೂ ಒಂದು ಖಾತೆ ಪುಸ್ತಕ

ಸೊಲ್ಲಾಪುರ: ಬಿ.ಕಾಂ. ಓದುವ ಹುಡುಗರು ಇಂಟರ್ನ್‌ಶಿಪ್ ಅಂದರೆ ಎಲ್ಲಿಗೆ ಹೋಗುತ್ತಾರೆ? ತೆರಿಗೆ ಸಲಹೆಗಾರರ ಆಫೀಸು, ಸಹಕಾರಿ ಬ್ಯಾಂಕು, ಇಲ್ಲವೇ ಚಾದರ ಕಾರಖಾನೆಯ ಲೆಕ್ಕದ ಕೋಣೆ. ಅಕ್ಕಲಕೋಟ ತಾಲ್ಲೂಕಿನ ಹಳ್ಳಿಯೊಂದರ ಈ ವಿದ್ಯಾರ್ಥಿನಿ ಹೋದದ್ದು ಮಾತ್ರ ಮಂಗಲ ಕಾರ್ಯಾಲಯಗಳ ಹಿಂಬಾಗಿಲಿಗೆ!

2020ರ ರಾಷ್ಟ್ರೀಯ ಶಿಕ್ಷಣ ನೀತಿ ಬಂದ ಮೇಲೆ ಮಹಾರಾಷ್ಟ್ರದ ಪದವಿ ತರಗತಿಗಳಲ್ಲಿ ಹೊರಗೆ ಹೋಗಿ ಕೆಲಸ ಕಲಿಯುವುದಕ್ಕೂ ಅಂಕ ಸೇರಿದೆ. ಹತ್ತನೆಯವರೆಗೆ ಕನ್ನಡ ಶಾಲೆಯಲ್ಲೇ ಕಲಿತ ಈಕೆ, ನಗರದಲ್ಲಿ ಮಿಕ್ಕ ಊಟ ಸಂಗ್ರಹಿಸಿ ಹಸಿದವರಿಗೆ ಮುಟ್ಟಿಸುವ ಯುವಕರ ತಂಡವೊಂದಕ್ಕೆ ಲೆಕ್ಕ ಬರೆಯಲು ಸೇರಿದಳು. ಹೆಸರು ಪೇಪರಿನಲ್ಲಿ ಬರುವುದು ಬೇಡ ಎಂಬುದು ಆಕೆಯ ಷರತ್ತು. ಯಾಕೆಂಬುದು ಮುಂದೆ ತಿಳಿಯುತ್ತದೆ.

ಫುಡ್ ಬ್ಯಾಂಕ್ ಎಂಬುದು ಶುರುವಾದದ್ದು ಅಮೆರಿಕದ ಫೀನಿಕ್ಸ್ ನಗರದಲ್ಲಿ. 1967ರಲ್ಲಿ ಜಾನ್ ವಾನ್ ಹೆಂಗೆಲ್ ಎಂಬಾತ ಅಂಗಡಿಗಳು ಎಸೆಯುವ ತಿನ್ನಲು ಯೋಗ್ಯವಾದ ಪದಾರ್ಥ ಕೂಡಿಸಿಡುವ ಕೋಠಿ ತೆರೆದ. ನಮ್ಮ ಕಡೆಯವರಿಗೆ ಅನ್ನ ಹಾಕುವುದು ಹೊಸದೇನಲ್ಲ. ಸೊನ್ನಲಿಗೆ ಸಿದ್ಧರಾಮನ ಊರಿದು, ದಾಸೋಹದ ಅರ್ಥ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಕ್ಕಲಕೋಟದಲ್ಲಿ ಸ್ವಾಮಿ ಸಮರ್ಥ ಅನ್ನಛತ್ರ 1988ರಿಂದ ನಡೆದಿದೆ. ಆದರೆ ಅನ್ನಛತ್ರದಲ್ಲಿ ಒಲೆಯಿದೆ, ಅಡುಗೆಯವರಿದ್ದಾರೆ, ಇಂದು ಎಷ್ಟು ಮಂದಿಗೆ ಬೇಯಿಸಬೇಕೆಂಬ ಅಂದಾಜಿದೆ. ಮಿಕ್ಕ ಊಟದವರಿಗೆ ಇದ್ಯಾವುದೂ ಇಲ್ಲ. ರಾತ್ರಿ ಹತ್ತಕ್ಕೆ ಫೋನ್ ಬರುತ್ತದೆ, 'ಎರಡು ಪಾತೇಲಿ ಅನ್ನ ಉಳದೈತ್ರಿ, ಒಯ್ತೀರೇನು?'

ಅಲ್ಲಿಂದ ಗಡಿಯಾರದ ಜೊತೆ ಓಟ. ಬೇಯಿಸಿದ ಅಡುಗೆ 60 ಡಿಗ್ರಿಗಿಂತ ಬಿಸಿ ಇರಬೇಕು, ಇಲ್ಲವೇ 5 ಡಿಗ್ರಿಗಿಂತ ತಣ್ಣಗಿರಬೇಕು. ನಡುವಿನದೇ ಅಪಾಯ. ಉಗುರುಬೆಚ್ಚಗಿನ ಅನ್ನದಲ್ಲಿ ಬೆಳೆಯುವ ಕೆಲವು ಕ್ರಿಮಿಗಳ ವಿಷ ಮತ್ತೆ ಕುದಿಸಿದರೂ ಹೋಗುವುದಿಲ್ಲ. ಮಿಕ್ಕ ಆಹಾರದ ಹಂಚಿಕೆಗೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ಮಾಡಿದೆ. ಪದಾರ್ಥ ಯಾವುದು, ಎಲ್ಲಿಂದ ಬಂತು, ಎಂದು ಬೇಯಿಸಿದ್ದು, ಎಂದಿನವರೆಗೆ ತಿನ್ನಬಹುದು ಎಲ್ಲವೂ ಬರಹದಲ್ಲಿರಬೇಕು. ಈ ಬರಹವೇ ಹುಡುಗಿಯ ಪಾಲಿಗೆ ಬಂದ ಕೆಲಸ.

ಮೊದಲು ಬಂದ ಸರಕು ಮೊದಲು ಹೋಗಬೇಕು ಎಂದು ಪುಸ್ತಕದಲ್ಲಿ ಓದಿದ್ದಳು. ಇಲ್ಲಿ ಅದು ನಡೆಯಲಿಲ್ಲ. ಮೊದಲು ಕೆಡುವುದು ಮೊದಲು ಹೋಗಬೇಕು! ಬಾಸುಂದಿ, ಶ್ರೀಖಂಡ, ಕೋಸಂಬರಿ ಒಯ್ಯುವುದೇ ಇಲ್ಲ. ಅನ್ನ, ಬೇಳೆಯ ಸಾರು ಆ ರಾತ್ರಿಯೇ ಮುಗಿಯಬೇಕು. ಬುಂದೆಗೆ ಒಂದು ದಿನದ ಧೈರ್ಯ. ನಮ್ಮ ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಗೆ ಮಾತ್ರ ಅವಸರವೇ ಇಲ್ಲ. ಅಜ್ಜಿಯರು ಯಾವ ಥರ್ಮಾಮೀಟರ್ ಇಲ್ಲದೆ ಕಂಡುಕೊಂಡ ಉಪಾಯವಿದು.

ಖಾತೆಯಲ್ಲಿ 'ತಿರಸ್ಕರಿಸಿದ್ದು' ಎಂಬ ಒಂದು ಕಾಲಂ ಉಂಟು. ಅದರಲ್ಲಿ ಬರೆಯುವುದೇ ಕಠಿಣ. ಬೇಸಿಗೆಯ ಮದುವೆಯೊಂದರಲ್ಲಿ ಮಧ್ಯಾಹ್ನ ಬೇಯಿಸಿದ ಬೇಳೆ ಸಾರು ರಾತ್ರಿಯವರೆಗೆ ಮುಚ್ಚಿಟ್ಟಿದ್ದರು. ಮುಚ್ಚಳ ತೆಗೆದಾಗ ಸಣ್ಣ ನೊರೆ, ಸ್ವಲ್ಪ ಹುಳಿವಾಸನೆ. 'ಒಯ್ಯಂಗಿಲ್ರಿ' ಎಂದಳು. ಮನೆಯ ಹಿರಿಯರಿಗೆ ಸಿಟ್ಟು ಬಂತು. 'ಹಸದವ್ರಿಗೆ ಏನಾಗ್ತದವಾ, ಕುದಿಸಿ ಕೊಡ್ರಿ' ಎಂದರು. ಜೊತೆಗಿದ್ದ ಹುಡುಗರೂ ಮುಖ ನೋಡಿದರು, ಯಾಕೆಂದರೆ ಅಂದು ಬೇರೆ ಕಡೆಯಿಂದ ಫೋನೇ ಇರಲಿಲ್ಲ. ಆದರೂ ಒಯ್ಯಲಿಲ್ಲ. ಸಾರೆಲ್ಲ ಗಟಾರಿಗೆ ಹೋಯಿತು. ಆ ರಾತ್ರಿ ಸಿವಿಲ್ ಆಸ್ಪತ್ರೆಯ ಹೊರಗೆ ಕಾದವರಿಗೆ ಸಿಕ್ಕಿದ್ದು ಬಿಸ್ಕಿಟು ಮಾತ್ರ. 'ಇವತ್ತ ಊಟ ಇಲ್ಲ ಅಂತ ಹೇಳಾಕ ಬಾಯೇ ಬರ್ಲಿಲ್ಲ' ಎನ್ನುತ್ತಾಳೆ. ಹಸಿದವರ ಹೊಟ್ಟೆ ಏನನ್ನಾದರೂ ತಾಳುತ್ತದೆ ಎಂಬುದು ಉಂಡವರ ನಂಬಿಕೆ. ರೋಗಿಯ ಪಕ್ಕ ಕೂತವನೇ ಮಲಗಿಬಿಟ್ಟರೆ ಗತಿಯೇನು?

ಈ ಆಸ್ಪತ್ರೆಗೆ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರದವರಷ್ಟೇ ಅಲ್ಲ, ಗಡಿಯಾಚೆ ಇಂಡಿ, ಚಡಚಣ, ಆಳಂದದ ಕಡೆಯವರೂ ಬರುತ್ತಾರೆ. ತಂಡದ ಹುಡುಗರು ಮರಾಠಿ ಮಾತನಾಡುವವರು. ಹಳ್ಳಿಯ ಮುದುಕಿಯರು ಸಾಲಿಗೇ ಬರುತ್ತಿರಲಿಲ್ಲ. ದುಡ್ಡು ಕೇಳುತ್ತಾರೇನೋ ಎಂಬ ಅನುಮಾನ! 'ಉಣ್ಣಾಕ ಬರ್ರಿ, ರೊಕ್ಕ ಇಲ್ಲ' ಎಂದು ಈಕೆ ಕೂಗಿದಾಗಲೇ ಬಟ್ಟಲು ಹಿಡಿದು ಎದ್ದು ಬಂದರು. ಲೆಕ್ಕಕ್ಕೆಂದು ಬಂದವಳು ಹೀಗೆ ದುಭಾಷಿಯೂ ಆದಳು.

ಒಂದು ದಿನ ಸಾಲಿನಲ್ಲಿ ಆಕೆಯ ಊರಿನವರೇ ನಿಂತಿದ್ದರು, ತಕ್ಕಮಟ್ಟಿಗೆ ಹೊಲ ಇದ್ದವರು. ಹೆಂಡತಿಯ ಆಪರೇಷನ್ನಿಗೆ ಬಂದು ಎಂಟು ದಿನದಲ್ಲಿ ಕೈ ಬರಿದಾಗಿತ್ತು. ಹುಡುಗಿಯನ್ನು ಕಂಡವರೇ ಟವೆಲ್ಲು ಮುಖಕ್ಕೆ ಎಳೆದುಕೊಂಡು ಸರಿದುಹೋದರು. ಅದೇ ಹೊತ್ತಿಗೆ ತಂಡದವನೊಬ್ಬ ದಾನಿಗಳಿಗೆ ಕಳಿಸಲೆಂದು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದ. ಅಂದು ಅವರ ಪಾಲಿನ ಊಟವನ್ನು ಬೇರೆಯವರ ಕೈಯಲ್ಲಿ ವಾರ್ಡಿಗೆ ಕಳಿಸಿದಳು. ಮರುದಿನ ತಂಡದ ಸಭೆಯಲ್ಲಿ ಜಗಳ ತೆಗೆದಳು: ಉಣ್ಣುವವರ ಫೋಟೋ ಬೇಡ.

ಫೋಟೋ ಇಲ್ಲದಿದ್ದರೆ ಕೊಟ್ಟವರು ನಂಬುವುದು ಹೇಗೆ ಎಂಬ ಪ್ರಶ್ನೆ ಬಂತು. ಅದೂ ನ್ಯಾಯವೇ. ಕೊನೆಗೆ ಆಕೆಯ ಖಾತೆ ಪುಸ್ತಕ ಉಪಯೋಗಕ್ಕೆ ಬಂತು. ಎಷ್ಟು ತೂಕ ಬಂತು, ಎಷ್ಟು ತಟ್ಟೆ ಹೋಯಿತು, ಎಷ್ಟು ಚೆಲ್ಲಿದ್ದು ಎಂಬುದರ ಪ್ರತಿಯನ್ನೇ ಈಗ ದಾನಿಗಳಿಗೆ ಕಳಿಸುತ್ತಾರೆ. ಪಾತ್ರೆಗಳ ಚಿತ್ರ ಸಾಕು. ಒಬ್ಬಿಬ್ಬರು ದಾನಿಗಳು ಮುನಿಸಿಕೊಂಡು ಬಿಟ್ಟದ್ದೂ ಉಂಟು.

ವಿಶ್ವಸಂಸ್ಥೆಯ ಪರಿಸರ ವಿಭಾಗದ ವರದಿಯಂತೆ 2022ರಲ್ಲಿ ಜಗತ್ತಿನಲ್ಲಿ ಹಾಳಾದ ಆಹಾರ 105 ಕೋಟಿ ಟನ್. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮನೆಗಳದ್ದೇ. ಅಂಥ ಲೆಕ್ಕದ ಮುಂದೆ ಎರಡು ಪಾತೇಲಿ ಅನ್ನ ಏನೂ ಅಲ್ಲ, ಆಸ್ಪತ್ರೆಯ ಕಟ್ಟೆಯ ಮೇಲೆ ಕೂತವರಿಗೆ ಮಾತ್ರ ಅದೇ ರಾತ್ರಿಯ ಊಟ.

ಇಂಟರ್ನ್‌ಶಿಪ್ ಮುಗಿದು ವರದಿಯನ್ನೂ ಕೊಟ್ಟಾಯಿತು. ಆದರೂ ಭಾನುವಾರ ಆಕೆ ಬರುವುದು ತಪ್ಪಿಲ್ಲ. ಊರಿನ ಕೊನೆಯ ಬಸ್ಸು ಸಿಗದಿದ್ದರೆ ಅತ್ತೆಯ ಮನೆಯಲ್ಲಿ ವಸ್ತಿ. ಮದುವೆ ಮನೆಯವರಿಗೆ ಕೊಡಲು ಮರಾಠಿ, ಕನ್ನಡ ಎರಡರಲ್ಲೂ ಒಂದು ಚೀಟಿ ಬರೆದಿದ್ದಾಳೆ. ಅದರಲ್ಲಿರುವುದು ಎರಡೇ ಮಾತು. ಬಡಿಸುವ ಪಾತ್ರೆಯಲ್ಲಿ ಉಳಿದದ್ದನ್ನು ಒಲೆಯ ಮೇಲಿನ ಪಾತ್ರೆಗೆ ಸುರಿಯಬೇಡಿ; ಮತ್ತು ಎಲ್ಲ ಮುಗಿದು ಮಂಟಪ ಬಿಚ್ಚುವಾಗ ಅಲ್ಲ, ಕೊನೆಯ ಪಂಕ್ತಿ ಕೂತಾಗಲೇ ಫೋನ್ ಮಾಡಿ.